ಮೆಟ್ಟುಕತ್ತಿಗೆ ಅಪ್ಪ ಅಮ್ಮ ಯಾರು?

ಕಳೆದ ವರ್ಷ ಹತ್ತನೆಯ ತರಗತಿಯಲ್ಲಿ ಜೀವವಿಕಾಸದ ಪಾಠ ಮುಗಿಸಿ ಕರಿಹಲಗೆ ಒರಸುತ್ತಾ ಇದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. “ಟೀಚರೇ, ನನ್ನ ಅಜ್ಜನ ಹತ್ರ ಬಟನ್ ಫೋನು, ಅಪ್ಪನ ಹತ್ರ ಟಚ್ ಫೋನು. ಹಾಗಾದ್ರೆ ಫೋನು ಸಹ ವಿಕಾಸ ಆದದ್ದಾ?” ಮಕ್ಕಳೆಲ್ಲ ನಕ್ಕರು. ನನಗೂ ನಗು ಬಂತು. “ಅದು ಮನುಷ್ಯ ಮಾಡಿದ್ದು ಮಾರಾಯ, ವಿಕಾಸ ಅಂದ್ರೆ ಜೀವ ಇರುವುದಕ್ಕೆ ಮಾತ್ರ, ಕೂತ್ಕೋ” ಅಂದೆ. ಬೆಲ್ ಹೊಡೆಯಿತು.

ಸಂಜೆ ಬಸ್ಸಿನಲ್ಲಿ ಕೂತಾಗ ಮನಸ್ಸಿಗೆ ಕಿರಿಕಿರಿ. ನನ್ನ ಉತ್ತರ ಪೂರ್ತಿ ತಪ್ಪಲ್ಲ, ಆದರೆ ಉತ್ತರವೇ ಅಲ್ಲ. “ಮನುಷ್ಯ ಮಾಡಿದ್ದು” ಅಂದರೆ ಮುಗಿಯಿತಾ? ಮನುಷ್ಯ ಹೇಗೆ ಮಾಡಿದ? ಒಂದೇ ಸಲಕ್ಕೆ ಮಾಡಿದನಾ? ಆ ಹುಡುಗ ಈಗ ಪ್ಲಸ್ ಒನ್‌ಗೆ ಬೇರೆ ಶಾಲೆಗೆ ಹೋಗಿದ್ದಾನೆ. ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ನಿಮಗೆ ಕೊಡುತ್ತಿದ್ದೇನೆ.

ಫೋನು ಬಹಳ ಜಟಿಲವಾದ ವಸ್ತು. ಅದನ್ನು ಕೊನೆಗೆ ಇಟ್ಟುಕೊಳ್ಳುವ. ಮೊದಲು ಅಡುಗೆಮನೆಗೆ ಬನ್ನಿ.

ನೆಲದ ಮೇಲೆ ಇಡುವ ಒಂದು ಮಣೆ, ಅದರ ತುದಿಯಲ್ಲಿ ಬಾಗಿ ಮೇಲೆದ್ದ ಕತ್ತಿ. ಮಣೆಯನ್ನು ಕಾಲಿನಿಂದ ಮೆಟ್ಟಿ ಹಿಡಿದು, ಎರಡೂ ಕೈಯಲ್ಲಿ ತರಕಾರಿ ಹಿಡಿದು ಕತ್ತಿಯ ಕಡೆಗೆ ನೂಕುವುದು. ಕತ್ತಿ ಅಲುಗುವುದಿಲ್ಲ, ತರಕಾರಿಯೇ ಹೋಗಿ ಹೆಚ್ಚಿಸಿಕೊಳ್ಳುತ್ತದೆ! ನಮ್ಮ ಕಾಸರಗೋಡಿನ ಕಡೆ ಇದು ಮೆಟ್ಟುಕತ್ತಿ. ಮೈಸೂರಿನ ಕಡೆಯವರಿಗೆ ಈಳಿಗೆಮಣೆ. ಸೊಲ್ಲಾಪುರ, ಅಕ್ಕಲಕೋಟೆಯ ಮಕ್ಕಳೇ, ನಿಮ್ಮ ಮರಾಠಿ ನೆರೆಮನೆಯವರು ವಿಳೀ ಎನ್ನುತ್ತಾರೆ. ಆದವಾನಿ, ರಾಯದುರ್ಗದಲ್ಲಿ ತೆಲುಗಿನವರಿಗೆ ಕತ್ತಿಪೀಟ. ಹೊಸೂರು, ತಾಳವಾಡಿಯಲ್ಲಿ ತಮಿಳಿನವರಿಗೆ ಅರಿವಾಳ್‌ಮಣೈ. ಗೋವೆಯ ಕೊಂಕಣಿಯಲ್ಲಿ ಅದೋಳಿ. ಗಡಿಯಲ್ಲಿರುವ ನಮಗೆ ಇದೊಂದು ಲಾಭ, ಒಂದೇ ವಸ್ತುವಿಗೆ ಎರಡೆರಡು ಹೆಸರು ಗೊತ್ತಿರುತ್ತದೆ.

ಹೆಸರು ಮಾತ್ರವಲ್ಲ, ಆಕಾರವೂ ಒಂದೇ ಅಲ್ಲ. ಕೆಲವು ಕಡೆ ಮಣೆ ಅಗಲ, ಕೆಲವು ಕಡೆ ಸಣಕಲು. ಕತ್ತಿಯ ಬಾಗು ಒಂದೊಂದು ಕಡೆ ಒಂದೊಂದು. ಕೆಲವಕ್ಕೆ ಕತ್ತಿಯ ನೆತ್ತಿಯ ಮೇಲೆ ಹಲ್ಲುಹಲ್ಲಾದ ಒಂದು ಚಿಪ್ಪು ಉಂಟು, ತೆಂಗಿನಕಾಯಿ ತುರಿಯುವುದಕ್ಕೆ. ಇದೆಲ್ಲ ನೋಡಿದರೆ ಪುಸ್ತಕದಲ್ಲಿರುವ ಫಿಂಚ್ ಹಕ್ಕಿಗಳ ಕೊಕ್ಕಿನ ಚಿತ್ರ ನೆನಪಾಗುವುದಿಲ್ಲವಾ? ಹತ್ತಿರದ ಸಂಬಂಧಿಗಳು, ಆದರೆ ಊರೂರಿಗೆ ಸ್ವಲ್ಪ ಸ್ವಲ್ಪ ಬೇರೆ.

ಮೂರು ಷರತ್ತು

ವಿಕಾಸ ನಡೆಯಬೇಕಾದರೆ ಮೂರು ಸಂಗತಿ ಬೇಕು ಎಂದು ಕಲಿತಿದ್ದೀರಿ. ಒಂದು, ಒಂದೇ ಜಾತಿಯೊಳಗೆ ವ್ಯತ್ಯಾಸ ಇರಬೇಕು. ಎರಡು, ಆ ವ್ಯತ್ಯಾಸ ಮುಂದಿನ ತಲೆಮಾರಿಗೆ ಇಳಿಯಬೇಕು. ಮೂರು, ಕೆಲವು ವ್ಯತ್ಯಾಸ ಇರುವವು ಉಳಿದವುಗಳಿಗಿಂತ ಹೆಚ್ಚು ಬದುಕಿ ಹೆಚ್ಚು ಸಂತಾನ ಬಿಡಬೇಕು. ಈ ಮೂರರಲ್ಲಿ “ಜೀವ ಇರಬೇಕು” ಎಂಬ ಷರತ್ತು ಎಲ್ಲಿ ಉಂಟು? ಇಲ್ಲ. ಅಂದರೆ ನಾನು ಹುಡುಗನಿಗೆ ಕೊಟ್ಟ ಉತ್ತರದ ಮೊದಲ ಭಾಗ ಇಲ್ಲೇ ಬಿದ್ದುಹೋಯಿತು.

ಮೆಟ್ಟುಕತ್ತಿಗೆ ಹಚ್ಚಿ ನೋಡುವ. ವ್ಯತ್ಯಾಸ ಉಂಟು, ಈಗಷ್ಟೇ ನೋಡಿದೆವು. ಇಳಿದು ಬರುವುದು? ಹೊಸತು ಮಾಡಿಸುವಾಗ ಹಳೆಯದನ್ನು ತೋರಿಸಿ “ಇದರ ಹಾಗೇ ಒಂದು ಮಾಡಿಕೊಡಿ” ಎನ್ನುತ್ತಾರಲ್ಲ, ಅದೇ. ಆಯ್ಕೆ? ಕೈಗೆ ಒಗ್ಗದ್ದು ಅಟ್ಟ ಸೇರುತ್ತದೆ, ಅದರ ನಕಲು ಯಾರೂ ಕೇಳುವುದಿಲ್ಲ. ಒಗ್ಗಿದ್ದನ್ನು ಮಗಳ ಮನೆಗೂ ಒಂದು ಮಾಡಿಸುತ್ತಾರೆ.

ಪರಿಸರ ಬದಲಾದರೆ ಏನಾಗುತ್ತದೆ ಎಂಬುದಕ್ಕೂ ಇದೇ ಒಳ್ಳೆಯ ಉದಾಹರಣೆ. ಮೆಟ್ಟುಕತ್ತಿ ಹುಟ್ಟಿದ್ದು ನೆಲದ ಮೇಲೆ ಕೂತು ಅಡುಗೆ ಮಾಡುವ ಮನೆಗೆ. ಆಮೇಲೆ ಒಲೆ ಕಟ್ಟೆಯ ಮೇಲೆ ಹತ್ತಿತು, ಗ್ಯಾಸ್ ಬಂತು, ಅಡುಗೆ ಮಾಡುವವರು ನಿಂತರು. ನಿಂತವರಿಗೆ ಕಾಲಿನಿಂದ ಮೆಟ್ಟುವ ಕತ್ತಿ ಏನು ಉಪಯೋಗ? ಚಾಕು ಮತ್ತು ಹಲಗೆ ಆ ಜಾಗ ಹಿಡಿದವು. ಕಾಯಿ ತುರಿಯುವ ಭಾಗ ಮಾತ್ರ ಇನ್ನೊಂದು ಹಾದಿ ಹಿಡಿಯಿತು. ಅದರ ಅಡಿಗೆ ರಬ್ಬರಿನ ಬಟ್ಟಲು ಬಂತು, ಕಟ್ಟೆಗೆ ಒತ್ತಿ ಹಿಡಿಯುವ ಹಾಗೆ. ಪಕ್ಕಕ್ಕೆ ತಿರುಗಿಸುವ ಹಿಡಿಕೆ ಬಂತು. ನೆಲದ ಪ್ರಾಣಿ ಕಟ್ಟೆಯ ಪ್ರಾಣಿ ಆಯಿತು ಎನ್ನಬಹುದು. ಹಳೆಯ ಮೆಟ್ಟುಕತ್ತಿ ಪೂರ್ತಿ ಹೋಗಿಲ್ಲ. ನಮ್ಮಲ್ಲಿ ಹಲಸಿನಕಾಯಿ ಕೊಯ್ಯುವ ದಿನ ಅದು ಮೂಲೆಯಿಂದ ಎದ್ದು ಬರುತ್ತದೆ. ಮೇಣ ಅಂಟಿದ ದೊಡ್ಡ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿಯಬೇಕಾದರೆ ಚಾಕು ಹಿಡಿಯುವ ಕೈ ಎಲ್ಲಿಂದ ತರುವುದು?

ಪಿಟೀಲಿನ ತೂತು

“ಟೀಚರೇ, ಅದೆಲ್ಲ ಜನ ಯೋಚನೆ ಮಾಡಿ ಮಾಡಿದ್ದು. ಜೀವವಿಕಾಸದಲ್ಲಿ ಯೋಚನೆ ಮಾಡುವವರು ಯಾರೂ ಇಲ್ಲ” ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಇಟಲಿಗೆ ಹೋಗೋಣ.

ಪಿಟೀಲಿನ ಎದೆಯ ಮೇಲೆ ಎರಡು ತೂತು ನೋಡಿದ್ದೀರಲ್ಲ, ಇಂಗ್ಲಿಷಿನ ಎಫ್ ಅಕ್ಷರದ ಹಾಗೆ ಉದ್ದಕ್ಕೆ ಇರುವುದು? ಒಳಗಿನ ಗಾಳಿ ಅದರ ಮೂಲಕ ಹೊರಗೆ ಒಳಗೆ ಆಡಿದಾಗ ತಗ್ಗಿನ ಸ್ವರಗಳಿಗೆ ಬಲ ಬರುತ್ತದೆ. ಪಿಟೀಲಿನ ಪೂರ್ವಿಕರಾದ ಮಧ್ಯಯುಗದ ವಾದ್ಯಗಳಲ್ಲಿ ಈ ತೂತು ಬರೀ ದುಂಡಗೆ ಇತ್ತು. ಆಮೇಲೆ ಅರ್ಧಚಂದ್ರ, ಆಮೇಲೆ ಸಿ ಅಕ್ಷರದ ಆಕಾರ, ಕೊನೆಗೆ ಎಫ್. 2015ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಇದರ ಲೆಕ್ಕ ಪ್ರಕಟಿಸಿದರು. ತೂತಿನ ನಡುವೆ ಗಾಳಿ ನಿಧಾನ, ಅಂಚಿನ ಹತ್ತಿರ ಜೋರು. ಹಾಗಾಗಿ ತೂತು ಎಷ್ಟು ಅಗಲ ಎಂಬುದಕ್ಕಿಂತ ಅದರ ಅಂಚು ಎಷ್ಟು ಉದ್ದ ಎಂಬುದು ಮುಖ್ಯ. ಸಪೂರ ಉದ್ದ ತೂತಿಗೆ ಅಂಚು ಹೆಚ್ಚು, ಧ್ವನಿಯೂ ಹೆಚ್ಚು.

ಕ್ರೆಮೋನಾ ಎಂಬ ಊರಿನಲ್ಲಿ 16ರಿಂದ 18ನೇ ಶತಮಾನದವರೆಗೆ ಅಮಾತಿ, ಸ್ಟ್ರಾಡಿವಾರಿ, ಗ್ವಾರ್ನೇರಿ ಮನೆತನದವರು ಪಿಟೀಲು ಮಾಡುತ್ತಿದ್ದರು. ಅಲ್ಲಿಯ 470 ಪಿಟೀಲುಗಳ ಅಳತೆ ತೆಗೆದಾಗ ಎಫ್ ತೂತು ತಲೆಮಾರಿನಿಂದ ತಲೆಮಾರಿಗೆ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತಾ ಬಂದದ್ದು ಕಂಡಿತು. ಎಷ್ಟು ಸ್ವಲ್ಪ? ಒಬ್ಬ ಕುಶಲಿ ಗುರುವಿನ ಪಿಟೀಲನ್ನು ನೋಡಿ ನಕಲು ಕತ್ತರಿಸುವಾಗ ಕೈ ತಪ್ಪಿ ಆಗಬಹುದಾದಷ್ಟು! ಯಾರೂ “ಅಂಚು ಉದ್ದ ಮಾಡುವ” ಎಂದು ಗಣಿತ ಹಾಕಬೇಕಾಗಿರಲಿಲ್ಲ. ಗರಗಸ ಒಂದು ಕೂದಲೆಳೆ ಆಚೆ ಹೋಯಿತು, ವಾದ್ಯ ಸ್ವಲ್ಪ ಜೋರಾಗಿ ನುಡಿಯಿತು, ನುಡಿಸುವವನಿಗೆ ಹಿಡಿಸಿತು, ಮುಂದಿನ ಶಿಷ್ಯ ಅದನ್ನೇ ಮಾದರಿ ಇಟ್ಟುಕೊಂಡ. ನಕಲಿನ ತಪ್ಪು ಮತ್ತು ಕಿವಿಯ ಆಯ್ಕೆ, ಇವೆರಡೇ ಸಾಕಾಗುತ್ತದೆ ಎಂಬುದು ಆ ಸಂಶೋಧಕರ ವಾದ. ಡಿಎನ್‌ಎ ನಕಲಾಗುವಾಗ ಆಗುವ ತಪ್ಪನ್ನು ಉತ್ಪರಿವರ್ತನೆ ಎಂದು ಓದಿದ್ದೀರಲ್ಲ, ಅದರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ನಕಲಿನ ತಪ್ಪು ಎಲ್ಲಿಗೆ ಕರೆದೊಯ್ಯಬಹುದು ಎಂಬುದನ್ನು ಹೆನ್ರಿ ಬಾಲ್ಫರ್ ಎಂಬವರು 1893ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಅವರು ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದವರು. ರೆಂಬೆಯ ಮೇಲೆ ಹರಿಯುವ ಬಸವನಹುಳದ ಒಂದು ಚಿತ್ರವನ್ನು ಒಬ್ಬರಿಗೆ ಕೊಟ್ಟು ನಕಲು ಮಾಡಿಸುವುದು, ಆ ನಕಲನ್ನು ಇನ್ನೊಬ್ಬರಿಗೆ ಕೊಡುವುದು, ಹೀಗೆ ಮುಂದುವರಿಸುವುದು. ಕೆಲವು ಕೈ ದಾಟುವಷ್ಟರಲ್ಲಿ ಬಸವನಹುಳ ಹಕ್ಕಿಯಾಗಿತ್ತು! ಹಕ್ಕಿ ಬರೆಯಬೇಕು ಎಂದು ಯಾರೂ ಹೊರಟಿರಲಿಲ್ಲ. ಇದರದ್ದೇ ಒಂದು ಆಟ ಕೊನೆಯಲ್ಲಿ ಹೇಳುತ್ತೇನೆ.

ಇಲ್ಲಿಯವರೆಗೆ ಬಂದರೆ “ಹೌದು, ಉಪಕರಣಗಳೂ ಜೀವಿಗಳ ಹಾಗೆಯೇ ವಿಕಾಸವಾಗುತ್ತವೆ” ಎಂದು ಬರೆದು ಹತ್ತಕ್ಕೆ ಹತ್ತು ಅಂಕ ತೆಗೆದುಕೊಳ್ಳುವ ಆಸೆ ಆಗುತ್ತದೆ. ಅವಸರ ಬೇಡ.

ಕೊಂಬೆಗಳು ಕೂಡುತ್ತವೆ

ಕತ್ತಿಯ ನೆತ್ತಿಯ ಮೇಲಿನ ಆ ತುರಿಯುವ ಚಿಪ್ಪನ್ನು ಮತ್ತೊಮ್ಮೆ ನೋಡಿ. ಕಾಯಿ ತುರಿಯುವುದಕ್ಕೆಂದೇ ಬೇರೆ ಮಣೆ ಉಂಟಷ್ಟೆ. ನಾವು ಹೆರೆಮಣೆ ಎನ್ನುತ್ತೇವೆ, ಮಲಯಾಳದಲ್ಲಿ ಚಿರವ. ಅದು ಒಂದು ವಂಶ, ತರಕಾರಿ ಹೆಚ್ಚುವುದು ಇನ್ನೊಂದು ವಂಶ. ಎರಡೂ ಕೂಡಿ ಒಂದೇ ವಸ್ತುವಾಗಿ ಬಿಟ್ಟಿದೆ. ಜೀವಿಗಳಲ್ಲಿ ಹೀಗೆ ಆಗುವುದುಂಟಾ? ಬಾವಲಿಯ ರೆಕ್ಕೆ ಚಂದ ಉಂಟು ಎಂದು ಬೆಕ್ಕು ಅದನ್ನು ತನಗೆ ಹಚ್ಚಿಕೊಳ್ಳಲು ಆಗುವುದಿಲ್ಲ. ಬೆಕ್ಕಿನ ಕೊಂಬೆ, ಬಾವಲಿಯ ಕೊಂಬೆ ಒಮ್ಮೆ ಕವಲೊಡೆದ ಮೇಲೆ ಮತ್ತೆ ಕೂಡುವುದಿಲ್ಲ.

ನೈಲ್ಸ್ ಎಲ್ಡ್ರೆಡ್ಜ್ ಎಂಬ ಪಳೆಯುಳಿಕೆ ವಿಜ್ಞಾನಿ ಇದನ್ನು ಹಿತ್ತಾಳೆಯ ತುತ್ತೂರಿಗಳಲ್ಲಿ ಪರೀಕ್ಷಿಸಿದರು. ಟ್ರೈಲೊಬೈಟ್ ಎಂಬ ಅಳಿದುಹೋದ ಸಮುದ್ರಜೀವಿಗಳ ವಂಶವೃಕ್ಷ ಬರೆಯುವುದು ಅವರ ವೃತ್ತಿ, ಕಾರ್ನೆಟ್ ಎಂಬ ತುತ್ತೂರಿಯನ್ನು ಸಂಗ್ರಹಿಸುವುದು ಹವ್ಯಾಸ. ಟ್ರೈಲೊಬೈಟಿಗೆ ಬಳಸುವ ವಿಧಾನದಲ್ಲೇ ಕಾರ್ನೆಟ್ಟಿನ ವೃಕ್ಷ ಬರೆಯಹೋದರೆ ಅದು ಕೈಗೆ ಸಿಗಲಿಲ್ಲ. ಕಾರಣ, ಒಬ್ಬ ಒಳ್ಳೆಯ ಕವಾಟ ಮಾಡಿದರೆ ಎದುರು ಅಂಗಡಿಯವನು ಅದನ್ನು ನೋಡಿ ತನ್ನ ತುತ್ತೂರಿಗೂ ಹಾಕುತ್ತಿದ್ದ. ಹಳೆಯ ಮಾದರಿಯೊಂದನ್ನು ಬಹಳ ವರ್ಷದ ಮೇಲೆ ಎತ್ತಿ ಮತ್ತೆ ಬಳಸುತ್ತಿದ್ದರು. ಚಿತ್ರ ಮರದ ಹಾಗೆ ಕಾಣಲಿಲ್ಲ, ಹೆಣೆದ ಬಲೆಯ ಹಾಗೆ ಕಂಡಿತು.

ಇಲ್ಲಿ ಒಂದು ಮಾತು ಸೇರಿಸದಿದ್ದರೆ ಜಾಣರು ನನ್ನನ್ನು ಹಿಡಿಯುತ್ತಾರೆ. ಬ್ಯಾಕ್ಟೀರಿಯಾಗಳು ಅಕ್ಕಪಕ್ಕದವರಿಂದ ಜೀನುಗಳನ್ನು ಪಡೆಯುತ್ತವೆ. ಪ್ರತಿಜೈವಿಕ ಔಷಧಿಗೆ ಬಗ್ಗದ ಗುಣ ಒಂದು ಜಾತಿಯಿಂದ ಇನ್ನೊಂದಕ್ಕೆ ಹಾರುವುದು ಹಾಗೆಯೇ. ನಮ್ಮ ಜೀವಕೋಶದೊಳಗಿನ ಮೈಟೊಕಾಂಡ್ರಿಯ ಒಂದು ಕಾಲದಲ್ಲಿ ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಹಾಗಾಗಿ ಜೀವಲೋಕದಲ್ಲೂ ಕೊಂಬೆ ಕೂಡುವುದು ಉಂಟು. ಬೆಕ್ಕು ಬಾವಲಿಗಳಂಥ ಪ್ರಾಣಿಗಳಲ್ಲಿ ಬಹಳ ಅಪರೂಪ, ಉಪಕರಣಗಳಲ್ಲಿ ದಿನನಿತ್ಯದ ಸಂಗತಿ.

ಎರಡನೆಯ ವ್ಯತ್ಯಾಸಕ್ಕೆ ಬರೋಣ. ಜಿರಾಫೆ ಎತ್ತರದ ಎಲೆಗೆ ಕತ್ತು ಚಾಚಿ ಚಾಚಿ ಕತ್ತು ಉದ್ದವಾಯಿತು, ಅದು ಮರಿಗೆ ಬಂತು ಎಂದು ಪರೀಕ್ಷೆಯಲ್ಲಿ ಬರೆಯುವವರು ಈಗಲೂ ಇದ್ದಾರೆ. ಬದುಕಿದ್ದಾಗ ಗಳಿಸಿದ ಗುಣ ಮಕ್ಕಳಿಗೆ ಇಳಿಯುತ್ತದೆ ಎಂಬ ಈ ವಿಚಾರ ಲಾಮಾರ್ಕರ ಹೆಸರಿನಲ್ಲಿ ಪ್ರಸಿದ್ಧ. ಜರ್ಮನಿಯ ವೈಸ್‌ಮನ್ ಐದು ತಲೆಮಾರು ಇಲಿಗಳ ಬಾಲ ಕತ್ತರಿಸುತ್ತಾ ಹೋದರು. ಹುಟ್ಟಿದ 901 ಮರಿಗಳಲ್ಲಿ ಒಂದಕ್ಕೂ ಬಾಲ ಇಲ್ಲದೆ ಇರಲಿಲ್ಲ. ಜೀವಿಗಳಲ್ಲಿ ಲಾಮಾರ್ಕ್ ಸೋತರು. ಆದರೆ ಕತ್ತಿಗಳ ಲೋಕದಲ್ಲಿ ಅವರೇ ಗೆದ್ದಿದ್ದಾರೆ! ಯಾರೋ ಒಬ್ಬರು ತಮ್ಮ ಕತ್ತಿಯ ಹಿಡಿಯನ್ನು ಕೈಗೆ ಒಗ್ಗುವಂತೆ ಒಂದಿಷ್ಟು ಬಾಗಿಸಿಕೊಂಡರೆ, ಮುಂದಿನ ಕತ್ತಿ ಬಾಗಿದ ಹಿಡಿಯೊಂದಿಗೇ ಹುಟ್ಟುತ್ತದೆ. ಹಾಗಾಗಿ ಮಕ್ಕಳೇ, ಉಪಕರಣದ ಉದಾಹರಣೆ ಹಿಡಿದು ಜೀವವಿಕಾಸ ಕಲಿಯುವಾಗ ಇಲ್ಲಿ ಜಾರಿ ಬೀಳಬಾರದು. ಕತ್ತಿಗೆ ಬೇಕು ಅನಿಸಿದ ದಿಕ್ಕಿನಲ್ಲಿ ಬದಲಾವಣೆ ತರುವವರು ಉಂಟು. ಜಿರಾಫೆಗೆ ಇಲ್ಲ. ಅಲ್ಲಿ ವ್ಯತ್ಯಾಸ ಬರುವುದು ಕುರುಡಾಗಿ, ಆಮೇಲೆ ಆಯ್ಕೆ.

ಕುರುಡು ವ್ಯತ್ಯಾಸದಿಂದಲೇ ಉಪಕರಣ ಮಾಡಿದವರೂ ಇದ್ದಾರೆ ಎನ್ನಿ. 2006ರಲ್ಲಿ ನಾಸಾ ಹಾರಿಸಿದ ಎಸ್‌ಟಿ5 ಎಂಬ ಪುಟ್ಟ ಉಪಗ್ರಹಗಳಲ್ಲಿ ಒಂದು ವಿಚಿತ್ರ ಆಂಟೆನಾ ಇತ್ತು, ಬೇಸರದಲ್ಲಿ ಯಾರೋ ತಿರುಚಿ ಬಿಸಾಡಿದ ಪೇಪರ್ ಕ್ಲಿಪ್ಪಿನ ಹಾಗೆ. ಕಂಪ್ಯೂಟರ್ ಮನಬಂದ ಹಾಗೆ ತಂತಿ ಬಗ್ಗಿಸಿದ ನೂರಾರು ನಕ್ಷೆಗಳನ್ನು ಹುಟ್ಟಿಸುವುದು, ಪರೀಕ್ಷಿಸುವುದು, ಒಳ್ಳೆಯವನ್ನು ಉಳಿಸಿ ಬೆರೆಸಿ ಸ್ವಲ್ಪ ಕೆಡಿಸಿ ಮತ್ತೆ ಪರೀಕ್ಷಿಸುವುದು. ಹೀಗೆ ತಲೆಮಾರು ಉರುಳಿ ಉರುಳಿ ಆ ಆಕಾರ ಬಂತು. ಆದರೆ ಯಾವುದು ಒಳ್ಳೆಯದು ಎಂಬ ಪರೀಕ್ಷೆಯನ್ನು ಇಟ್ಟವರು ಎಂಜಿನಿಯರುಗಳೇ. ಕಾಡಿನಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವವರು ಯಾರೂ ಇಲ್ಲ.

ಇನ್ನೊಂದು ವ್ಯತ್ಯಾಸ ಇರಬೇಕಿತ್ತು, ಆದರೆ ಇಲ್ಲಿ ಎರಡೂ ಲೋಕ ಬಹಳ ಹತ್ತಿರ ಬರುತ್ತವೆ. ಜಿರಾಫೆಯ ಗಂಟಲಿಗೆ ಹೋಗುವ ಒಂದು ನರ ಮೆದುಳಿನಿಂದ ಹೊರಟು, ಕತ್ತಿನುದ್ದಕ್ಕೂ ಇಳಿದು, ಹೃದಯದ ಹತ್ತಿರದ ದೊಡ್ಡ ರಕ್ತನಾಳವನ್ನು ಸುತ್ತಿ, ಮತ್ತೆ ಮೇಲೆ ಹತ್ತುತ್ತದೆ. ಮೀನಿನಂಥ ಪೂರ್ವಜರಲ್ಲಿ ಅದು ನೇರ ದಾರಿಯೇ ಆಗಿತ್ತು. ಕತ್ತು ಬೆಳೆದ ಹಾಗೆ ನರವೂ ಎಳೆಯಿತು. ಅಳಿಸಿ ಹೊಸದಾಗಿ ಬರೆಯುವ ಅವಕಾಶ ಜೀವಕ್ಕೆ ಇಲ್ಲ. ಮನುಷ್ಯನಿಗೆ ಉಂಟು. ಬಳಸುತ್ತಾನಾ? ಕಂಪ್ಯೂಟರ್ ಲ್ಯಾಬಿನಲ್ಲಿ ಕನ್ನಡ ಟೈಪ್ ಮಾಡಿದ್ದೀರಲ್ಲ? ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ‘ಕ’ ಬೇಕಾದರೆ ಕೆ ಗುಂಡಿ ಒತ್ತುತ್ತೀರಿ. ಆ ಕೆ ಅಲ್ಲೇ ಯಾಕಿದೆ? 1870ರ ದಶಕದಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಸ್ಟಫರ್ ಶೋಲ್ಸ್ ಮತ್ತು ಜೊತೆಯವರು ಕಬ್ಬಿಣದ ಟೈಪ್‌ರೈಟರಿಗೆ ಹಾಗೆ ಜೋಡಿಸಿದರು, ಅದಕ್ಕೆ. ಕಬ್ಬಿಣದ ಕಡ್ಡಿಗಳು ಹೋದವು, ಕಾಗದ ಹೋಯಿತು, ಗುಂಡಿಯೂ ಹೋಗಿ ಫೋನಿನ ಗಾಜಿನ ಮೇಲಿನ ಚಿತ್ರ ಆಯಿತು. ಅಕ್ಷರಗಳು ಮಾತ್ರ ಅಲ್ಲಾಡಲಿಲ್ಲ. ಕೋಟ್ಯಂತರ ಬೆರಳುಗಳಿಗೆ ಅಭ್ಯಾಸ ಆದದ್ದನ್ನು ಬದಲಿಸುವುದು ಸುಲಭವಲ್ಲ. ಹಿಂದಿನ ಬೆಂಚಿನ ಹುಡುಗನ ಅಪ್ಪನ ಟಚ್ ಫೋನಿನಲ್ಲಿ ಹೀಗೊಂದು ಜಿರಾಫೆಯ ನರ ಕೂತಿದೆ.

ಕುಲುಮೆಯಲ್ಲಿ

ಈಗ ಶೀರ್ಷಿಕೆಯ ಪ್ರಶ್ನೆ. ಮೆಟ್ಟುಕತ್ತಿ ಮರಿ ಹಾಕುವುದಿಲ್ಲ. ಹಾಗಾದರೆ ಅದಕ್ಕೆ ಅಪ್ಪ ಅಮ್ಮ ಯಾರು?

ಈ ಪ್ರಶ್ನೆ ಹಳೆಯದೇ. ಡಾರ್ವಿನ್ನರ ಪುಸ್ತಕ ಬಂದದ್ದು 1859ರಲ್ಲಿ. ನಾಲ್ಕೇ ವರ್ಷದಲ್ಲಿ, 1863ರ ಜೂನ್ 13ರಂದು, ನ್ಯೂಜಿಲೆಂಡಿನ ಒಂದು ಪತ್ರಿಕೆಯಲ್ಲಿ ಸ್ಯಾಮ್ಯುಯೆಲ್ ಬಟ್ಲರ್ ಎಂಬ ಕುರಿ ಸಾಕಣೆಗಾರ ಯಂತ್ರಗಳೂ ವಿಕಾಸವಾಗುತ್ತಿವೆ, ಮುಂದೆ ನಮ್ಮನ್ನೇ ಆಳುತ್ತವೆ ಎಂದು ಬರೆದ. ತಮಾಷೆಯೋ ನಿಜವೋ ಗೊತ್ತಾಗದ ಹಾಗೆ ಬರೆಯುವುದು ಆತನ ಅಭ್ಯಾಸ. (ವಿಚಿತ್ರ ನೋಡಿ, ಅದಕ್ಕೆ ಬರೀ ಎರಡು ವಾರ ಮೊದಲು, ಮೇ 30ರಂದು, ಮದರಾಸಿನ ಹತ್ತಿರದ ಪಲ್ಲಾವರದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರಿಗೆ ಶಿಲಾಯುಗದ ಕಲ್ಲಿನ ಉಪಕರಣ ಸಿಕ್ಕಿತ್ತು. ಆಮೇಲೆ ಅಂಥವು ನಮ್ಮ ಯಾದಗಿರಿಯ ಇಸಾಂಪುರದಲ್ಲಿ ಬೇಕಾದಷ್ಟು ಸಿಕ್ಕಿವೆ, ಸುಮಾರು 12 ಲಕ್ಷ ವರ್ಷ ಹಳೆಯವು. ಆ ಕೈಗೊಡಲಿಗಳು ಲಕ್ಷಾಂತರ ವರ್ಷ ಹೆಚ್ಚುಕಮ್ಮಿ ಒಂದೇ ಆಕಾರದಲ್ಲಿ ಉಳಿದವು. ನಮ್ಮ ಫೋನು ಹತ್ತು ವರ್ಷ ಉಳಿಯುವುದಿಲ್ಲ.) ಮುಂದೆ 1872ರಲ್ಲಿ ಬಂದ ‘ಎರೆವಾನ್’ ಕಾದಂಬರಿಯಲ್ಲಿ ಬಟ್ಲರ್ ಒಂದು ಒಳ್ಳೆಯ ಹೋಲಿಕೆ ಕೊಡುತ್ತಾನೆ. ಹೂವು ಸಹ ತಾನಾಗಿ ಸಂತಾನ ಪಡೆಯುವುದಿಲ್ಲ, ದುಂಬಿ ಬರಬೇಕು. ಹಾಗೆಂದು ಹೂವಿಗೆ ಸಂತಾನವೇ ಇಲ್ಲ ಎನ್ನುತ್ತೇವಾ? ಯಂತ್ರಕ್ಕೆ ಮನುಷ್ಯನೇ ದುಂಬಿ.

ಹೋಲಿಕೆ ಚೆನ್ನಾಗಿದೆ, ಆದರೆ ಒಂದು ಕಡೆ ಸೋರುತ್ತದೆ. ಅದು ನನಗೆ ತಿಳಿದದ್ದು ಕುಲುಮೆಯಲ್ಲಿ.

ಆ ಹುಡುಗನನ್ನು ಕೂರಿಸಿದ ಪಶ್ಚಾತ್ತಾಪಕ್ಕೆ ಮುಂದಿನ ವಾರ ಮಕ್ಕಳನ್ನು ನಮ್ಮ ಊರಿನ ಆಚಾರ್ರ ಕುಲುಮೆಗೆ ಕರಕೊಂಡು ಹೋದೆ. ಎಪ್ಪತ್ತು ದಾಟಿದವರು. ಮಗ ಗಲ್ಫಿನಲ್ಲಿದ್ದಾನೆ, ವಾರಕ್ಕೆ ಎರಡು ದಿನ ಮಾತ್ರ ತಿದಿ ಊದುತ್ತಾರೆ. “ಆಚಾರ್ರೇ, ಕತ್ತಿಯ ಅಳತೆ ಎಲ್ಲಿ ಬರೆದಿಟ್ಟಿದ್ದೀರಿ?” ಎಂದು ಒಬ್ಬಳು ಕೇಳಿದಳು. ಅವರು ಒಂದು ಸವೆದ ಹಳೆಯ ಕತ್ತಿಯನ್ನು ಎತ್ತಿ ಹೊಸ ಕಬ್ಬಿಣದ ಪಟ್ಟಿಯ ಮೇಲೆ ಇಟ್ಟರು. “ಬರೆಯುವುದು ಎಂತದ್ದು ಮಗಾ. ಇದೇ ಅಳತೆ.” ಆಕಾರ ಹಳೆಯ ಕತ್ತಿಯಿಂದ ಹೊಸ ಕತ್ತಿಗೆ ಇಳಿಯುವುದನ್ನು ಮಕ್ಕಳು ಕಣ್ಣಾರೆ ನೋಡಿದರು. ನನಗೆ ಬಹಳ ಖುಷಿ, ಪಾಠ ಆಯಿತಲ್ಲ ಎಂದು.

ಆಮೇಲೆ ಅವರು ಕತ್ತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರು. ತೆಗೆದು, ಉಜ್ಜಿ, ಮತ್ತೆ ಸ್ವಲ್ಪವೇ ಕಾಯಿಸಿದರು. ಬಾಯಿಯ ಅಂಚಿನಲ್ಲಿ ಒಂದು ಬಣ್ಣ ಓಡಿತು, ಹುಲ್ಲಿನ ಹಳದಿಯೋ ಕಂದೋ ಏನೋ. ಕೂಡಲೇ ಮತ್ತೆ ನೀರು. ಬಿಸಿ ಉಕ್ಕನ್ನು ಒಮ್ಮೆಗೇ ತಣಿಸಿದರೆ ಗಡಸಾಗುತ್ತದೆ, ಆದರೆ ಗಾಜಿನ ಹಾಗೆ ಒಡೆಯುತ್ತದೆ. ಎರಡನೆಯ ಸಲ ಹದವಾಗಿ ಕಾಯಿಸಿದಾಗ ಆ ಬಿರುಸು ಕಡಿಮೆ ಆಗುತ್ತದೆ. “ಯಾವ ಬಣ್ಣಕ್ಕೆ ತೆಗೆಯಬೇಕು ಆಚಾರ್ರೇ?” “ಅದು ಹೇಳ್ಲಿಕ್ಕೆ ಬರುವುದಿಲ್ಲ ಟೀಚರೇ. ಪಕ್ಕದಲ್ಲಿ ನಿಂತು ನೋಡಿಯೇ ಆಗಬೇಕು.”

ಇದನ್ನು ಗಮನಿಸಿ ಮಕ್ಕಳೇ. ಹಳೆಯ ಕತ್ತಿಯನ್ನು ಇಟ್ಟುಕೊಂಡು ಆಕಾರ ನಕಲು ಮಾಡಬಹುದು. ಹದವನ್ನು ನಕಲು ಮಾಡಲು ಬರುವುದಿಲ್ಲ, ಯಾಕೆಂದರೆ ಅದು ಹೇಗೆ ಬಂತೆಂದು ಕತ್ತಿಯನ್ನು ನೋಡಿದರೆ ಕಾಣುವುದಿಲ್ಲ. ಆಲದ ಬೀಜದೊಳಗೆ ಇಡೀ ಆಲದ ಮರ ಮಾಡುವ ಸೂಚನೆ ಉಂಟು. ಕತ್ತಿಯೊಳಗೆ ಕತ್ತಿ ಮಾಡುವ ಸೂಚನೆ ಅರ್ಧವೇ ಉಂಟು. ಉಳಿದರ್ಧ ಆಚಾರ್ರ ಕಣ್ಣಿನಲ್ಲಿ, ಕೈಯಲ್ಲಿ. ಬಟ್ಲರನ ದುಂಬಿಗೆ ಹೂವಿನ ಬೀಜದ ಒಳಗುಟ್ಟು ಗೊತ್ತಿರಬೇಕಾಗಿಲ್ಲ. ಆಚಾರ್ರಿಗೆ ಗೊತ್ತಿರಲೇಬೇಕು.

ಇದು ಬರೀ ಮಾತಲ್ಲ. ಒಂದು ಕಾಲದಲ್ಲಿ ಲೋಕಕ್ಕೇ ಬೇಕಾಗಿದ್ದ ಉಕ್ಕು ನಮ್ಮ ದಕ್ಷಿಣದಲ್ಲಿ, ಮೈಸೂರು ಸೀಮೆ, ಸೇಲಂ, ತೆಲಂಗಾಣದ ಕಡೆಗಳಲ್ಲಿ ಆಗುತ್ತಿತ್ತು. ಕಬ್ಬಿಣದ ತುಂಡುಗಳನ್ನು ತಂಗಡಿ ಕಟ್ಟಿಗೆ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿ ಹಾಕಿ ಬಾಯಿ ಮುಚ್ಚಿ ಕಾಯಿಸುವುದು. ಅದು ಪಡುವಣ ದೇಶಗಳಿಗೆ ಹೋಗಿ ಅಲೆಅಲೆಯ ಗೆರೆಗಳಿರುವ ಡಮಾಸ್ಕಸ್ ಕತ್ತಿಗಳಾಗುತ್ತಿತ್ತು. ಇಂಗ್ಲಿಷಿನವರು ಅದನ್ನು ವೂಟ್ಜ್ ಎಂದರು. ನಮ್ಮ ‘ಉಕ್ಕು’ ಎಂಬ ಮಾತೇ ಕೆಟ್ಟು ಹಾಗಾಯಿತು ಎಂದು ವಿದ್ವಾಂಸರು ಹೇಳುತ್ತಾರೆ. 19ನೇ ಶತಮಾನದಲ್ಲಿ ಆ ಕುಲುಮೆಗಳು ಆರಿದವು. ಕತ್ತಿಗಳು ವಸ್ತುಸಂಗ್ರಹಾಲಯಗಳಲ್ಲಿ ಥಳಥಳ ಹೊಳೆಯುತ್ತಾ ಉಳಿದವು. ಕತ್ತಿ ಕೈಯಲ್ಲಿದ್ದ ಮೇಲೆ ನಕಲು ಮಾಡುವುದು ಏನು ಕಷ್ಟ? ಮೈಕೆಲ್ ಫ್ಯಾರಡೆ (ಆತನ ತಂದೆ ಕಮ್ಮಾರರು) 1819ರ ಹೊತ್ತಿಗೆ ವೂಟ್ಜ್‌ನ ರಾಸಾಯನಿಕ ಪರೀಕ್ಷೆ ಮಾಡಿದರು. ಅವರು ಊಹಿಸಿದ ಕಾರಣ ತಪ್ಪಾಗಿತ್ತು. ಎಷ್ಟೋ ಜನ ಕೈ ಸುಟ್ಟುಕೊಂಡರು. 1990ರ ದಶಕದಲ್ಲಿ ಜಾನ್ ವರ್ಹೂವನ್ ಎಂಬ ಲೋಹವಿಜ್ಞಾನಿ ಮತ್ತು ಆಲ್ಫ್ರೆಡ್ ಪೆಂಡ್ರೆ ಎಂಬ ಕಮ್ಮಾರ ಒಟ್ಟಿಗೆ ಕೂತು ಕೆಲಸ ಮಾಡಿದ ಮೇಲೆ ಆ ಗೆರೆಗಳು ಮತ್ತೆ ಮೂಡಿದವು. ವೆನೇಡಿಯಂನಂಥ ಧಾತುಗಳು ಬಹಳ ಸಣ್ಣ ಪ್ರಮಾಣದಲ್ಲಿ ಇದ್ದರೆ ಮಾತ್ರ ಗೆರೆ ಮೂಡುತ್ತದೆ ಎಂದು ಅವರು ತೋರಿಸಿದರು. ಅದು ಅದಿರಿನಲ್ಲೇ ಬರುತ್ತಿತ್ತು, ಹಳೆಯ ಕಮ್ಮಾರರಿಗೆ ಅದರ ಹೆಸರೂ ತಿಳಿದಿರಲಿಲ್ಲ.

ಅಂದರೆ ವಿಕಾಸವಾಗುವುದು ಕತ್ತಿ ಎನ್ನುವುದಕ್ಕಿಂತ ಕತ್ತಿ ಮಾಡುವ ಬಗೆ ಎನ್ನುವುದು ಹೆಚ್ಚು ಸರಿ. ಅದು ಕಣ್ಣಿನಿಂದ ಕಣ್ಣಿಗೆ, ಕೈಯಿಂದ ಕೈಗೆ ನಕಲಾಗುತ್ತಾ, ನಕಲಿನಲ್ಲಿ ತಪ್ಪುತ್ತಾ, ಬೇರೆಯವರದ್ದನ್ನು ಕದಿಯುತ್ತಾ, ಕೆಲವೊಮ್ಮೆ ಯೋಚಿಸಿಯೂ ಬದಲಾಗುತ್ತಾ ಹೋಗುತ್ತದೆ. ಕತ್ತಿ ಅದರ ಮೈ ಮಾತ್ರ. ಮೈ ಉಳಿದು ವಂಶ ಅಳಿಯಬಹುದು, ವೂಟ್ಜ್ ಹಾಗೆ. ಡೈನೊಸಾರುಗಳಿಗೆ ಇಲ್ಲದ ಒಂದು ಭಾಗ್ಯವೂ ಇದಕ್ಕುಂಟು, ಯಾರಾದರೂ ಹಠ ಹಿಡಿದರೆ ಅಳಿದದ್ದು ಮತ್ತೆ ಹುಟ್ಟಬಹುದು. ನೂರೈವತ್ತು ವರ್ಷ ಹಿಡಿಯಬಹುದು ಅಷ್ಟೆ.

ಅಜ್ಜನ ಬಟನ್ ಫೋನು ಅಪ್ಪನ ಟಚ್ ಫೋನಿಗೆ ಅಜ್ಜನಾ? ಆಗಿರಬಹುದು, ಆದರೆ ಒಬ್ಬನೇ ಅಜ್ಜ ಅಲ್ಲ. ಕ್ಯಾಮೆರಾ, ಗಡಿಯಾರ, ರೇಡಿಯೊ, ಟೈಪ್‌ರೈಟರ್, ಟಾರ್ಚು, ನಕ್ಷೆ ಇವೆಲ್ಲವೂ ಅದರ ಅಜ್ಜಂದಿರು. ಜೀವಲೋಕದಲ್ಲಿ ಅಂಥ ಮದುವೆ ನಡೆಯುವುದಿಲ್ಲ. ಆ ಹುಡುಗ ಸಿಕ್ಕಿದರೆ ಇಷ್ಟು ಹೇಳಿ, “ನಿನ್ನ ಪ್ರಶ್ನೆಗೆ ನಕ್ಕದ್ದು ತಪ್ಪಾಯಿತು” ಎನ್ನಬೇಕು ಅಂತ ಉಂಟು.

ನೀವೇ ಮಾಡಿ ನೋಡಿ

ತರಗತಿಯಲ್ಲಿ ಎರಡು ಗುಂಪು ಮಾಡಿ. ಎರಡಕ್ಕೂ ಒಂದೇ ಕುಡುಗೋಲಿನ ಚಿತ್ರ ಕೊಡಿ. ಮೊದಲ ಗುಂಪಿನಲ್ಲಿ ಒಬ್ಬರು ಅದನ್ನು ಹತ್ತು ಸೆಕೆಂಡು ನೋಡಿ, ಮುಚ್ಚಿಟ್ಟು, ನೆನಪಿನಿಂದ ಬರೆಯಬೇಕು. ಮುಂದಿನವರು ಆ ನಕಲನ್ನು ಮಾತ್ರ ನೋಡಿ ಬರೆಯಬೇಕು. ಹೀಗೆ ಹನ್ನೆರಡು ಮಂದಿ. ಎರಡನೆಯ ಗುಂಪಿನಲ್ಲಿ ಪ್ರತಿ ಸಲ ಮೂವರು ನಕಲು ಬರೆಯಬೇಕು. ಒಬ್ಬರು ಆಯ್ಕೆಗಾರರು ಮೂರರಲ್ಲಿ ಕೊಕ್ಕೆ ಅತಿ ಉದ್ದ ಇರುವುದನ್ನು ಆರಿಸಿ ಅದನ್ನೇ ಮುಂದಿನ ಮೂವರಿಗೆ ತೋರಿಸಬೇಕು. ಬರೆಯುವವರಿಗೆ ಯಾವ ಕಾರಣಕ್ಕೂ ಆಯ್ಕೆಯ ಗುಟ್ಟು ಹೇಳಬೇಡಿ! ಎಲ್ಲರೂ ಇದ್ದ ಹಾಗೇ ಬರೆಯಲು ಪ್ರಯತ್ನಿಸಲಿ.

ಮುಗಿದ ಮೇಲೆ ಎರಡೂ ಸಾಲನ್ನು ಗೋಡೆಗೆ ಅಂಟಿಸಿ, ಕೊಕ್ಕೆಯ ಉದ್ದವನ್ನು ಸ್ಕೇಲಿನಿಂದ ಅಳೆದು ಗ್ರಾಫ್ ಬರೆಯಿರಿ. ನಾನು ಮಾಡಿಸಿದಾಗ ಮೊದಲ ಸಾಲಿನ ಗೆರೆ ಕುಡಿದವರ ಹಾಗೆ ಅತ್ತ ಇತ್ತ ಹೋಯಿತು. ಎರಡನೆಯದರಲ್ಲಿ ಏಳನೆಯ ತಲೆಮಾರಿಗೆ ಕುಡುಗೋಲು ಕೊಡೆಯ ಹಿಡಿಯ ಹಾಗೆ ಆಗಿಬಿಟ್ಟಿತ್ತು, ಬರೆದ ಮಕ್ಕಳಿಗೇ ಆಶ್ಚರ್ಯ. ಆಮೇಲೆ ಮೂರನೆಯ ಗುಂಪು ಮಾಡಿ, ಅವರಿಗೆ ಗುಟ್ಟು ಮೊದಲೇ ಹೇಳಿಬಿಡಿ. ಅವರು ಎಷ್ಟು ತಲೆಮಾರಿನಲ್ಲಿ ಅಲ್ಲಿಗೆ ತಲುಪುತ್ತಾರೆ, ಈ ಮೂರರಲ್ಲಿ ಯಾವುದು ಜಿರಾಫೆ, ಯಾವುದು ಆಚಾರ್ರ ಕತ್ತಿ ಎಂದು ಚರ್ಚೆ ಮಾಡಿ.

ಜೊತೆಗೆ ನಿಮ್ಮ ಮನೆಯ ಮೆಟ್ಟುಕತ್ತಿ ಅಥವಾ ಈಳಿಗೆಮಣೆಯ ಚಿತ್ರ ಬರೆದು ಕಳಿಸಿ. ಮಣೆಯ ಉದ್ದ, ಕತ್ತಿಯ ಎತ್ತರ, ಮೇಲೆ ತುರಿಯುವ ಚಿಪ್ಪು ಉಂಟಾ ಇಲ್ಲವಾ, ನಿಮ್ಮ ಮನೆಯಲ್ಲಿ ಅದನ್ನು ಏನೆನ್ನುತ್ತೀರಿ, ಯಾರ ಕೈಯಲ್ಲಿ ಮಾಡಿಸಿದ್ದು, ಅವರು ಈಗಲೂ ಮಾಡುತ್ತಾರಾ ಎಂದು ಮನೆಯ ಹಿರಿಯರನ್ನು ಕೇಳಿ ಬರೆಯಿರಿ. ತಾಳವಾಡಿಯಿಂದ ಜತ್ತಿನವರೆಗೆ ಸಾಕಷ್ಟು ಬಂದರೆ ಮುಂದಿನ ಸಂಚಿಕೆಯಲ್ಲಿ ಎಲ್ಲವನ್ನೂ ಒಂದು ನಕ್ಷೆಯ ಮೇಲೆ ಇಟ್ಟು, ಮರದ ಹಾಗೆ ಕಾಣುತ್ತದಾ ಬಲೆಯ ಹಾಗೆ ಕಾಣುತ್ತದಾ ಎಂದು ನೋಡುವ.